ಕೈ ಚುರುಕಿದ್ದರೆ ಸಾಕಾ? ಗಾರ್ಮೆಂಟ್ಸ್ ಲೈನು ಹೇಳುವ ಲೆಕ್ಕ

ಆಫೀಸಿನಲ್ಲಿ ಕೂತು ಕೆಲಸ ಮಾಡುವವರು ದಿನಕ್ಕೆ ಎಷ್ಟು ಕೆಲಸ ಮಾಡಿದರು ಅಂತ ಅಳೆಯೋದು ಕಷ್ಟ. ಎಷ್ಟು ಮೇಲ್ ಕಳಿಸಿದರು, ಎಷ್ಟು ಮೀಟಿಂಗಿನಲ್ಲಿ ಕೂತರು ಅಂತ ಎಣಿಸಬಹುದು. ಆದರೆ ಅದು ಕೆಲಸದ ಲೆಕ್ಕ ಅಲ್ಲ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಒಬ್ಬರು 'ಸ್ಕಿಲ್ ಇದ್ದರೆ ಸಾಕು, ಉಳಿದದ್ದೆಲ್ಲ ಬರೀ ಮಾತು' ಅಂತಲೂ ಇನ್ನೊಬ್ಬರು 'ಜೊತೆಗಿರುವವರು ಸರಿ ಇಲ್ಲ ಅಂದರೆ ಎಂಥ ಸ್ಕಿಲ್ ಇದ್ದೂ ದಂಡ' ಅಂತಲೂ ವರ್ಷಗಟ್ಟಲೆ ವಾದ ಮಾಡುತ್ತಾ ಇರಬಹುದು, ಯಾರೂ ಸೋಲೋದಿಲ್ಲ.

ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಈ ಅನುಕೂಲ ಇಲ್ಲ. ಅಲ್ಲಿ ಗಂಟೆ ಗಂಟೆಗೂ ಪೀಸ್ ಎಣಿಸುತ್ತಾರೆ, ಬೋರ್ಡಿನ ಮೇಲೆ ಬರೆಯುತ್ತಾರೆ. ಅದಕ್ಕೇ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಅರ್ಥಶಾಸ್ತ್ರಜ್ಞರು ಬೆಂಗಳೂರಿನ ಗಾರ್ಮೆಂಟ್ಸ್‌ಗಳಿಗೆ ಬಂದು, ಈ ವಾದವನ್ನು ಅಲ್ಲಿನ ಅಂಕಿಗಳ ಮೇಲೆ ತೂಗಿ ನೋಡಿದರು. ಅಲ್ಲಿ ಸಿಕ್ಕಿದ್ದು ಸ್ವಲ್ಪ ವಿಚಿತ್ರವಾಗಿದೆ, ಹಾಗಾಗಿ ನಿಧಾನಕ್ಕೆ ಹೇಳುತ್ತೇನೆ.

ಮೊದಲು ಲೈನ್ ಅಂದರೇನು ಅಂತ ನೋಡಿಬಿಡೋಣ. ಒಂದು ಶರ್ಟನ್ನು ಒಬ್ಬರೇ ಹೊಲಿಯೋದಿಲ್ಲ. ಒಬ್ಬರು ಕಾಲರ್ ಮಾತ್ರ, ಇನ್ನೊಬ್ಬರು ಕಫ್ ಮಾತ್ರ, ಮತ್ತೊಬ್ಬರು ಜೇಬು, ಅವರ ಮುಂದಿನವರು ತೋಳು ಕೂಡಿಸೋದು, ಹೀಗೆ ಐವತ್ತರ ಆಸುಪಾಸು ಜನ ಸಾಲಾಗಿ ಕೂತಿರುತ್ತಾರೆ. ಟೈಲರ್‌ಗಳು, ಹೆಲ್ಪರ್‌ಗಳು, ಕೊನೆಯಲ್ಲಿ ಚೆಕ್ಕರ್. ಪ್ರತಿ ಆಪರೇಷನ್‌ಗೂ ಇಷ್ಟು ನಿಮಿಷ ಅಂತ ಮೊದಲೇ ಗೊತ್ತು ಮಾಡಿರುತ್ತಾರೆ. ಜೇಬು ಹಾಕೋಕೆ 0.8 ನಿಮಿಷ ಅಂದುಕೊಳ್ಳಿ. ಎಂಟು ಗಂಟೆ ಅಂದರೆ 480 ನಿಮಿಷ, ಅಂದರೆ ದಿನಕ್ಕೆ 600 ಜೇಬು. ನೀವು 360 ಹಾಕಿದರೆ ನಿಮ್ಮ ಎಫಿಶಿಯೆನ್ಸಿ ಶೇ 60. ಲೆಕ್ಕ ಇಷ್ಟೇ, ಇದರಲ್ಲಿ ಮಾತಿಗೆ ಜಾಗ ಇಲ್ಲ ಅನ್ನಿಸುತ್ತದೆ ಅಲ್ವಾ?

ಇದೆ. ಜೇಬಿನ ಟೈಲರ್ ಗಂಟೆಗೆ 60 ಪೀಸ್ ಕೊಡಬಲ್ಲರು, ಕಫ್ ಹಾಕುವವರಿಂದ 40 ಮಾತ್ರ ಆಗುತ್ತಿದೆ ಅಂದುಕೊಳ್ಳಿ. ಲೈನಿನಿಂದ ಆಚೆ ಬರೋದು 40 ಶರ್ಟೇ. ಜೇಬಿನವರ ಚುರುಕು ಕಫ್‌ನವರ ಪಕ್ಕ ರಾಶಿಯಾಗಿ ಬಿದ್ದಿರುತ್ತದೆ, ಅವರ ಮುಂದೆ ಕೂತವರು ಪೀಸ್ ಬರಲಿ ಅಂತ ಸುಮ್ನೆ ಕಾಯುತ್ತಿರುತ್ತಾರೆ. ಹಾಗೆ ಕಾದ ಸಮಯ ಕಾದವರ ಎಫಿಶಿಯೆನ್ಸಿಯಲ್ಲೇ ಕಳೆಯುತ್ತದೆ, ತಪ್ಪು ಅವರದ್ದಲ್ಲದಿದ್ದರೂ. ಈಗ ಕಫ್ ಹತ್ತಿರ ಯಾಕೆ ನಿಂತಿತು? ಸೂಜಿ ಪದೇ ಪದೇ ಮುರಿಯುತ್ತಿರಬಹುದು. ಕಟಿಂಗಿನಿಂದ ಬಂದ ತುಂಡೇ ಅಳತೆ ತಪ್ಪಿರಬಹುದು. ಹೊಸ ಸ್ಟೈಲು, ಇನ್ನೂ ಕೈ ಕೂತಿಲ್ಲದೆ ಇರಬಹುದು. ಅಥವಾ ಅವರಿಗೆ ಮೈ ಹುಷಾರಿಲ್ಲ. ಕಾರಣ ಗೊತ್ತಿರೋದು ಆ ಮಶೀನ್ ಮುಂದೆ ಕೂತವರಿಗೆ. ಅದನ್ನು ಸರಿ ಮಾಡಬಲ್ಲವರು ಸೂಪರ್‌ವೈಸರ್. ನಡುವೆ ಇರೋದು ಒಂದು ಮಾತು. 'ಸಾರ್, ಈ ತುಂಡು ಸರಿ ಬರ್ತಾ ಇಲ್ಲ' ಅನ್ನೋ ಮಾತು. ಬೈಗುಳ ಬೀಳುತ್ತದೆ ಅಂತ ಗೊತ್ತಿದ್ದರೆ ಅದು ಬಾಯಿಂದ ಆಚೆಗೇ ಬರೋದಿಲ್ಲ. ತಲೆ ಬಗ್ಗಿಸಿಕೊಂಡು ಹೊಲಿಯುತ್ತಾ ಹೋಗೋದೇ ವಾಸಿ ಅನ್ನಿಸುತ್ತದೆ, ಸಂಜೆ ಚೆಕ್ಕರ್ ಹತ್ತಿರ ಅಷ್ಟೂ ಪೀಸ್ ವಾಪಸ್ ಬಂದು ಬಿಚ್ಚಿ ಹೊಲಿಯೋ ತನಕ.

ಈಗ ಪ್ರಯೋಗಕ್ಕೆ ಬರೋಣ. ಗ್ಯಾಪ್ ಅನ್ನೋ ಅಮೆರಿಕದ ಬಟ್ಟೆ ಕಂಪನಿ 2007ರಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಪೇಸ್ ಅನ್ನೋ ತರಬೇತಿ ಶುರು ಮಾಡಿತು. ಹೊಲಿಗೆ ಕಲಿಸೋ ತರಬೇತಿ ಅಲ್ಲ ಇದು. ಮಾತಾಡೋದು ಹೇಗೆ, ಸಮಸ್ಯೆ ಬಂದರೆ ಹೇಗೆ ಬಿಡಿಸಿಕೊಳ್ಳೋದು, ಸಮಯ ಹೇಗೆ ಹೊಂದಿಸೋದು, ಒತ್ತಡ, ದುಡ್ಡಿನ ಲೆಕ್ಕ, ಆರೋಗ್ಯ, ಕಾನೂನಿನಲ್ಲಿ ನಮಗೇನಿದೆ, ಇಂಥವು. ವಾರಕ್ಕೆ ಎರಡು ಗಂಟೆ, ಒಟ್ಟು ಸುಮಾರು 80 ಗಂಟೆ, ಮುಗಿಯೋಕೆ ವರ್ಷದ ಹತ್ತಿರ ಬೇಕು. ಭಾರತದ ಅತಿ ದೊಡ್ಡ ಗಾರ್ಮೆಂಟ್ ರಫ್ತು ಕಂಪನಿ ಶಾಹಿ ಎಕ್ಸ್‌ಪೋರ್ಟ್ಸ್‌ನ ಐದು ಬೆಂಗಳೂರು ಫ್ಯಾಕ್ಟರಿಗಳಲ್ಲಿ 2013-14ರಲ್ಲಿ ಇದನ್ನು ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನ್ಯಶಾಧಂ ಅನ್ನೋ ಮೂವರು ಅರ್ಥಶಾಸ್ತ್ರಜ್ಞರು ಪರೀಕ್ಷೆಗೆ ಒಡ್ಡಿದರು.

ಪರೀಕ್ಷೆ ಮಾಡಿದ ರೀತಿ ಜಾಣತನದ್ದು. ಆಸಕ್ತಿ ಇದ್ದವರು ಹೆಸರು ಕೊಡಿ ಅಂದಾಗ ಸುಮಾರು 2,700 ಮಂದಿ ಕೊಟ್ಟರು. ಅವರಲ್ಲಿ ಯಾರು ಚುರುಕು ಅಂತ ನೋಡಿ ಆರಿಸಿದ್ದರೆ ಫಲಿತಾಂಶಕ್ಕೆ ಬೆಲೆಯೇ ಇರುತ್ತಿರಲಿಲ್ಲ, ಅವರು ಹೇಗೂ ಮುಂದೆ ಬರುತ್ತಿದ್ದರು ಅನ್ನಬಹುದಿತ್ತು. ಅದಕ್ಕೆ ಲಾಟರಿ. ಮೊದಲು ಯಾವ ಲೈನುಗಳು ಅಂತ ಲಾಟರಿ, ಆಮೇಲೆ ಆ ಲೈನಿನೊಳಗೆ ಯಾರು ಅಂತ ಇನ್ನೊಂದು ಲಾಟರಿ. ಹೀಗೆ ಎರಡು ಸಲ ಯಾಕೆ ಅಂದರೆ, ತರಬೇತಿ ಸಿಗದೆ ಪಕ್ಕದಲ್ಲೇ ಕೂತವರಿಗೆ ಏನಾಗುತ್ತದೆ ಅಂತಲೂ ನೋಡಬಹುದು.

ತರಬೇತಿ ಮುಗಿದ ಮೇಲೆ, ಅದನ್ನು ಪಡೆದವರ ಉತ್ಪಾದಕತೆ ಪಡೆಯದವರಿಗಿಂತ ಶೇ 13ಕ್ಕೂ ಜಾಸ್ತಿ ಇತ್ತು. ಒಂದು ಹೊಲಿಗೆ ಕಲಿಸಲಿಲ್ಲ, ಒಂದು ಮಶೀನ್ ಬದಲಾಯಿಸಲಿಲ್ಲ. ಅವರಿಗೆ ಹೆಚ್ಚು ಕಷ್ಟದ ಆಪರೇಷನ್‌ಗಳನ್ನು ಕೊಡೋದು ಶುರುವಾಗಿತ್ತು. ತಾಂತ್ರಿಕ ತರಬೇತಿ ಕೊಡಿ ಅಂತ ಬಾಯಿಬಿಟ್ಟು ಕೇಳುವವರಲ್ಲೂ ಇವರೇ ಮುಂದು. ಅಂದರೆ ಮಾತಾಡುವ ಧೈರ್ಯ ಮೊದಲು ಬಂತು, ಆ ಧೈರ್ಯ ಹೊಸ ಹೊಲಿಗೆಯನ್ನು ಎಳೆದುಕೊಂಡು ಬಂತು. ಸ್ಕಿಲ್ ಬೇರೆ, ಸಂಬಂಧ ಬೇರೆ ಅಂತ ನಾವು ಎರಡು ಡಬ್ಬಿ ಮಾಡಿಟ್ಟುಕೊಂಡಿದ್ದೇವಲ್ಲ, ಲೈನಿನ ಮೇಲೆ ಆ ಎರಡೂ ಒಂದೇ ಡಬ್ಬಿಯಲ್ಲಿ ಇವೆ. ಕಾಲರ್ ಹಾಕೋದನ್ನು ಕಲಿಯೋಕೆ ಕಾಲರ್ ಬಲ್ಲ ಅಕ್ಕನನ್ನು ಕೇಳಬೇಕು, ಸೂಪರ್‌ವೈಸರ್ ನಿಮ್ಮನ್ನು ಕಾಲರ್ ಮಶೀನ್‌ಗೆ ಕೂರಿಸಬೇಕು, ಮೊದಲ ನಾಲ್ಕು ದಿನ ಪೀಸ್ ಕಮ್ಮಿ ಬಂದರೂ ಸಹಿಸಿಕೊಳ್ಳಬೇಕು. ಇದರಲ್ಲಿ ನಿಮ್ಮೊಬ್ಬರ ಕೈಯಲ್ಲಿ ಇರೋದು ಎಷ್ಟು?

ಇನ್ನೂ ಒಂದು ಸಂಗತಿ. ತರಬೇತಿ ಸಿಗದಿದ್ದರೂ ಅದೇ ಲೈನಿನಲ್ಲಿ ಕೂತಿದ್ದವರ ಕೆಲಸವೂ ಏರಿತು. ಇದು ಲೈನಿನ ಲೆಕ್ಕ ಬಲ್ಲವರಿಗೆ ಆಶ್ಚರ್ಯ ಅಲ್ಲ. ಹಿಂದಿನವರು ನಿಲ್ಲದೆ ಪೀಸ್ ಕೊಟ್ಟರೆ ಮುಂದಿನವರು ಕಾಯೋದು ತಪ್ಪುತ್ತದೆ, ಅಷ್ಟೇ. ಆದರೆ ಕಂಪನಿಗಳು ತರಬೇತಿಗೆ ದುಡ್ಡು ಹಾಕುವಾಗ 'ಇವಳಿಗೆ ಕಲಿಸಿದರೆ ಇವಳಿಂದ ಎಷ್ಟು ಬರುತ್ತೆ' ಅಂತ ತಲೆಯೊಂದಕ್ಕೆ ಲೆಕ್ಕ ಹಾಕುತ್ತವಲ್ಲ, ಆ ಲೆಕ್ಕದಲ್ಲಿ ಈ ಭಾಗ ಕಾಣೋದೇ ಇಲ್ಲ.

(ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಈ ಸಂಶೋಧಕರಲ್ಲಿ ಇಬ್ಬರು ಮುಂದೆ ಶಾಹಿ ಕುಟುಂಬದವರೊಬ್ಬರ ಜೊತೆ ಸೇರಿ ಗುಡ್ ಬಿಸಿನೆಸ್ ಲ್ಯಾಬ್ ಅನ್ನೋ ಸಂಸ್ಥೆ ಕಟ್ಟಿದರು. ಅಧ್ಯಯನ ಒಳ್ಳೆಯ ಜರ್ನಲ್‌ನಲ್ಲಿ ಬಂದಿದೆ, ಲಾಟರಿಯಲ್ಲಿ ಮೋಸ ಇಲ್ಲ. ಆದರೂ ಓದುವವರಿಗೆ ಇದು ಗೊತ್ತಿರಲಿ.)

ಕೆಳಗೆ ಕೂತವರ ಮಾತಾಯಿತು, ಮೇಲೆ ನಿಂತವರದ್ದು? ಹಬ್ಬ ಬಂತು, ಊರ ಜಾತ್ರೆ ಬಂತು, ಮಗುವಿಗೆ ಜ್ವರ ಬಂತು ಅಂದರೆ ಲೈನಿನಲ್ಲಿ ಆರೇಳು ಮಶೀನ್ ಖಾಲಿ. ಅವತ್ತು ಸೂಪರ್‌ವೈಸರ್ ಏನು ಮಾಡುತ್ತಾರೆ? ಪಕ್ಕದ ಲೈನಿನವರನ್ನು ಕೇಳುತ್ತಾರೆ: ಇವತ್ತು ಇಬ್ಬರು ಟೈಲರ್ ಕೊಡಿ, ನಾಳೆ ನಿಮಗೆ ಬೇಕಾದರೆ ನಾನು ಕೊಡ್ತೀನಿ. ಯಾವ ಕಾಗದದ ಮೇಲೂ ಇಲ್ಲದ ಕೈಸಾಲ ಇದು. ಭಾರತದ ಗಾರ್ಮೆಂಟ್ಸ್‌ಗಳಲ್ಲೇ ಇದನ್ನು ಕೂಡ ಅಧ್ಯಯನ ಮಾಡಿದ್ದಾರೆ. ಗೊತ್ತಾಗಿದ್ದು ಏನೆಂದರೆ, ಪ್ರತಿ ಸೂಪರ್‌ವೈಸರ್‌ಗೂ ಹೀಗೆ ಕೊಟ್ಟು ತೆಗೆದುಕೊಳ್ಳೋ ಬೆರಳೆಣಿಕೆಯ ಜನ ಮಾತ್ರ ಇರುತ್ತಾರೆ. ಆಚೆ ಮೂಲೆಯ ಲೈನಿನಲ್ಲಿ ಆಳು ಜಾಸ್ತಿ ಇದ್ದರೂ ಕೇಳೋದಿಲ್ಲ. ಅಡ್ಡ ಬರುವ ಸಂಗತಿಗಳು ಎರಡು: ದೂರ, ಮತ್ತು ಇಬ್ಬರ ಹಿನ್ನೆಲೆಯಲ್ಲಿರುವ ವ್ಯತ್ಯಾಸ. ಒಂದೇ ಸೂರಿನಡಿ, ಒಂದೇ ಕಂಪನಿಯ ಸಂಬಳ ತಗೊಂಡು, ಒಬ್ಬರಿಗೊಬ್ಬರು ಆಗಿಬರುವವರಲ್ಲ ಅನ್ನೋ ಕಾರಣಕ್ಕೆ ಅವತ್ತಿನ ಪೀಸ್ ಹೋಗುತ್ತದೆ. ಈ ನಷ್ಟ ಯಾವ ಬೋರ್ಡಿನ ಮೇಲೂ ಬರೋದಿಲ್ಲ.

ಸೂಪರ್‌ವೈಸರ್ ಗಮನ ಇಟ್ಟು ನೋಡುವವರಾ ಇಲ್ಲವಾ ಅನ್ನೋದೂ ಅಂಕಿಯಲ್ಲಿ ಕಂಡಿದೆ. ಬೆಂಗಳೂರಿನ ಗಾಳಿಯಲ್ಲಿ ದೂಳಿನ ಕಣ ಜಾಸ್ತಿ ಇದ್ದ ಹೊತ್ತಿನಲ್ಲಿ ಕೆಲಸ ಇಳಿಯುತ್ತದೆ, ಕೆಲವರಿಗೆ ಜಾಸ್ತಿ, ಕೆಲವರಿಗೆ ಕಮ್ಮಿ. ಗಮನ ಇರುವ ಸೂಪರ್‌ವೈಸರ್ ತಕ್ಷಣ ಅವರನ್ನು ಎಬ್ಬಿಸಿ ಬೇರೆ ಆಪರೇಷನ್‌ಗೆ ಹಾಕುತ್ತಾರೆ, ಲೈನು ಅಷ್ಟಾಗಿ ಬೀಳೋದಿಲ್ಲ. ಉಳಿದವರು ಟಾರ್ಗೆಟ್ ಕೂಗುತ್ತಾ ಓಡಾಡುತ್ತಾರೆ.

ಇಷ್ಟು ಓದಿ 'ಹಾಗಾದರೆ ಎಲ್ಲರೂ ಫ್ರೆಂಡ್ಸ್ ಆಗಿಬಿಟ್ಟರೆ ಆಯ್ತು' ಅನ್ನಬೇಡಿ. ಅದು ತಪ್ಪು ಲೆಕ್ಕ. ಆಫೀಸುಗಳಲ್ಲಿ ಟೀಮ್ ಔಟಿಂಗ್, ರೆಸಾರ್ಟು, ಹುಟ್ಟುಹಬ್ಬದ ಕೇಕು ಅಂತ ದುಡ್ಡು ಸುರಿಯೋದು ಇದೇ ನಂಬಿಕೆಯಿಂದ. ವಿಯೆಟ್ನಾಂನ ಒಂದು ಸಮುದ್ರಾಹಾರ ಸಂಸ್ಕರಣಾ ಫ್ಯಾಕ್ಟರಿಯಲ್ಲಿ ಯಾರ ಪಕ್ಕ ಯಾರು ನಿಲ್ಲಬೇಕು ಅಂತ ಬದಲಾಯಿಸಿ ನೋಡಿದರು. ಸ್ನೇಹಿತರ ಹತ್ತಿರ ನಿಂತ ದಿನ ಕೆಲಸ ಶೇ 6ರ ಸುತ್ತ ಕಮ್ಮಿ. ಹರಟೆ, ಮತ್ತಿನ್ನೇನು! ತಮಾಷೆ ಏನೆಂದರೆ ಅಲ್ಲಿ ಪೀಸ್ ಲೆಕ್ಕದ ಸಂಬಳ, ಅಂದರೆ ಹರಟೆಯ ಬೆಲೆ ತಮ್ಮದೇ ಜೇಬಿನಿಂದ ಹೋಗುತ್ತದೆ ಅಂತ ಗೊತ್ತಿದ್ದೂ ಅವರು ಮಾತಾಡಿದರು. ಸಂಬಳದ ಶೇ 4.5ರಷ್ಟು ಬಿಟ್ಟಾದರೂ ಸ್ನೇಹಿತರ ಪಕ್ಕ ಇರೋಕೆ ತಯಾರಿದ್ದರು. ನನ್ನನ್ನು ಕೇಳಿದರೆ ಇದು ಸೋಮಾರಿತನ ಅಲ್ಲ. ದಿನವಿಡೀ ಅದೇ ಕೆಲಸ ಮಾಡುವವರಿಗೆ ಆ ಮಾತಿನ ಬೆಲೆ ಅಷ್ಟಿದೆ.

ಇಂಗ್ಲೆಂಡಿನ ಒಂದು ಹಣ್ಣಿನ ತೋಟದಲ್ಲಿ ಇನ್ನೂ ಸೂಕ್ಷ್ಮ ಚಿತ್ರ ಸಿಕ್ಕಿತು. ಅಲ್ಲೂ ಕಿತ್ತಷ್ಟಕ್ಕೇ ಕೂಲಿ. ನಿಧಾನದವರು ಚುರುಕಾದ ಸ್ನೇಹಿತರ ಪಕ್ಕ ಇದ್ದರೆ ವೇಗ ಏರಿಸಿಕೊಳ್ಳುತ್ತಾರೆ, ಚುರುಕಾದವರು ನಿಧಾನದ ಸ್ನೇಹಿತರ ಪಕ್ಕ ಇದ್ದರೆ ವೇಗ ಇಳಿಸಿಕೊಳ್ಳುತ್ತಾರೆ. ಇಬ್ಬರೂ ನಡುವೆ ಎಲ್ಲೋ ಒಂದು ಕಡೆ ಸೇರುತ್ತಾರೆ. ಹಾಗಾಗಿ ಸ್ನೇಹ ಕೆಲಸ ಏರಿಸುತ್ತದಾ ಇಳಿಸುತ್ತದಾ ಅಂದರೆ, ಯಾರ ಜೊತೆ ಯಾರನ್ನು ಕೂರಿಸಿದಿರಿ ಅನ್ನೋದರ ಮೇಲೆ.

ಅಮೆರಿಕದ ಸೂಪರ್ ಮಾರ್ಕೆಟ್ ಕಂಪನಿಯೊಂದರ ಬಿಲ್ಲಿಂಗ್ ಕೌಂಟರ್‌ಗಳ ಬಗ್ಗೆ 2009ರಲ್ಲಿ ಬಂದ ಅಧ್ಯಯನ ನನಗೆ ಇನ್ನೂ ಇಷ್ಟ. ಚುರುಕಾದ ಕ್ಯಾಷಿಯರ್ ಡ್ಯೂಟಿಗೆ ಬಂದರೆ ಉಳಿದವರ ಕೈಯೂ ಬೇಗ ಓಡುತ್ತದೆ. ಆದರೆ ಎಲ್ಲರದ್ದೂ ಅಲ್ಲ. ಆ ಚುರುಕಿನ ಕ್ಯಾಷಿಯರ್‌ನ ಕಣ್ಣಿಗೆ ಯಾರು ಬೀಳುತ್ತಾರೋ ಅವರದ್ದು ಮಾತ್ರ. ಅವರನ್ನು ನೋಡಿ ಕಲಿತದ್ದಲ್ಲ ಇದು, ಅವರು ನನ್ನನ್ನು ನೋಡುತ್ತಿದ್ದಾರೆ ಅನ್ನೋ ಸಂಕೋಚ. ತಮ್ಮ ಪಾಲಿನ ಕೆಲಸವನ್ನು ಬೇರೆಯವರ ತಲೆಗೆ ಹಾಕಿದೆ ಅನ್ನಿಸಿಕೊಳ್ಳೋದು ಯಾರಿಗೂ ಬೇಡ. ಗಾಜಿನ ಕ್ಯಾಬಿನ್ನಿನ ಒಳಗಿಂದ ಮ್ಯಾನೇಜರ್ ನೋಡೋದಕ್ಕಿಂತ ಪಕ್ಕದವರು ನೋಡೋದೇ ಜಾಸ್ತಿ ಕೆಲಸ ಮಾಡಿಸುತ್ತದೆ ಅಂತ ನನಗನ್ನಿಸುತ್ತದೆ.

ಹಾಗಾಗಿ ಕೆಲಸ ಏರಿಸೋ ಸಂಬಂಧ ಅಂದರೆ ಒಟ್ಟಿಗೆ ಕೂತು ಊಟ ಮಾಡೋದು ಅಲ್ಲ. 'ನನಗೆ ಇದು ಬರ್ತಾ ಇಲ್ಲ' ಅಂತ ಹೆದರದೆ ಹೇಳೋಕೆ ಆಗುತ್ತದಾ, ಹೇಳಿದ ಮೇಲೆ ಯಾರಾದರೂ ಕಿವಿ ಕೊಡುತ್ತಾರಾ, ಅಷ್ಟೇ ಪ್ರಶ್ನೆ. ಒಟ್ಟಿಗೆ ಊಟ ಮಾಡುವವರ ನಡುವೆಯೂ ಇದು ಇಲ್ಲದೆ ಇರಬಹುದು.

ಸಂಬಳದ ವಿಷಯಕ್ಕೆ ಬಂದರೆ ಈ ಕಿವಿ ಕೊಡೋದು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಒಡಿಶಾದಲ್ಲಿ ಅಗರಬತ್ತಿ, ಹಗ್ಗ, ಪೊರಕೆ ಥರದ ಸಣ್ಣ ಕೈಕೆಲಸಗಳನ್ನು ಇಟ್ಟುಕೊಂಡು 378 ಜನರ ಜೊತೆ ಒಂದು ಪ್ರಯೋಗ ನಡೆಯಿತು, 2018ರಲ್ಲಿ ಪ್ರಕಟವಾಯಿತು. ಕೆಲವು ತಂಡಗಳಲ್ಲಿ ಎಲ್ಲರಿಗೂ ಒಂದೇ ಕೂಲಿ, ಕೆಲವದರಲ್ಲಿ ಹೆಚ್ಚು ಕಮ್ಮಿ. ತನಗಿಂತ ಪಕ್ಕದವನಿಗೆ ಜಾಸ್ತಿ ಅಂತ ಗೊತ್ತಾದ ಮೇಲೆ ಕಮ್ಮಿ ಪಡೆದವರ ಕೆಲಸ ಇಳಿಯಿತು, ಹಾಜರಿ ಶೇಕಡಾ 18 ಅಂಶಗಳಷ್ಟು ಬಿತ್ತು. ದಿನಗೂಲಿ ನಂಬಿದವರು ಕೂಲಿ ಬಿಟ್ಟು ಮನೆಯಲ್ಲಿ ಉಳಿದರು! ಆದರೆ ಪಕ್ಕದವನು ನಿಜಕ್ಕೂ ಜಾಸ್ತಿ ಮಾಡುತ್ತಾನೆ ಅಂತ ಕಣ್ಣಿಗೆ ಕಾಣುವ ಕಡೆ, ಅದೇ ವ್ಯತ್ಯಾಸಕ್ಕೆ ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಹೆಚ್ಚು ಕಮ್ಮಿ ಕೊಡೋದಲ್ಲ ತೊಂದರೆ, ಯಾಕೆ ಅಂತ ತಿಳಿಯದೆ ಇರೋದು ತೊಂದರೆ. ಸಂಬಳ ಗುಟ್ಟಾಗಿಡುವ ಐಟಿ ಕಂಪನಿಗಳು ಇದನ್ನು ಒಮ್ಮೆ ಓದಬೇಕು.

ಇನ್ನೊಂದು ಭಾರತದ ಗಾರ್ಮೆಂಟ್ಸ್‌ನದ್ದೇ. ಸಂಬಳ ಏರಿಕೆ ನಿರೀಕ್ಷೆಗಿಂತ ಕಮ್ಮಿಯಾಗಿ ಎಲ್ಲರಿಗೂ ಬೇಜಾರಾಗಿದ್ದ ಹೊತ್ತು. ಕೆಲವರನ್ನು ಲಾಟರಿಯಲ್ಲಿ ಆರಿಸಿ, ಹೆಸರು ಹೇಳಬೇಕಿಲ್ಲ ಅಂತ ಹೇಳಿ, ಕೆಲಸ ಹೇಗಿದೆ, ಸೂಪರ್‌ವೈಸರ್ ಹೇಗೆ, ತೃಪ್ತಿ ಇದೆಯಾ ಅಂತ ಕೇಳಿದರು. ಕೇಳಿದ್ದಷ್ಟೇ. ಹೀಗೆ ಕೇಳಿಸಿಕೊಂಡವರಲ್ಲಿ ಕೆಲಸ ಬಿಡುವ ಸಾಧ್ಯತೆ ಶೇ 20 ಕಮ್ಮಿಯಾಯಿತು, ಗೈರುಹಾಜರಿಯೂ ಇಳಿಯಿತು. ಮಾಲೀಕರಿಗೆ ಇದು ಖುಷಿಯ ಸುದ್ದಿ, ಸಂಬಳ ಏರಿಸೋದರ ಬದಲು ಒಂದು ಫಾರಂ ತುಂಬಿಸಿದರೆ ಆಯಿತಲ್ಲ! ನನಗೆ ಓದುವಾಗ ಸ್ವಲ್ಪ ಕಸಿವಿಸಿಯಾಯಿತು. ಒಂದು ಸಲ ಕೇಳಿ ಏನೂ ಮಾಡದಿದ್ದರೆ ಎರಡನೇ ಸಲಕ್ಕೆ ಅದೇ ಫಾರಂ ಕೆಲಸ ಮಾಡುತ್ತದಾ ಅನ್ನೋದು ಬೇರೆ ಪ್ರಶ್ನೆ. ಮಾತು ಕೇಳುವವರೇ ಇಲ್ಲದಾಗ ಏನಾಗುತ್ತದೆ ಅಂತ ಬೆಂಗಳೂರು ಏಪ್ರಿಲ್ 2016ರಲ್ಲಿ ನೋಡಿದೆ. ಪಿಎಫ್ ಹಣ ತೆಗೆಯುವ ನಿಯಮ ಬಿಗಿ ಮಾಡಿದ್ದಕ್ಕೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ಹೊಸೂರು ರಸ್ತೆಗೆ ಇಳಿದರು, ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು.

ಎಲ್ಲವೂ ಮನುಷ್ಯರ ನಡುವಿನದ್ದೇ ಅಂತಲ್ಲ, ಅದನ್ನೂ ಹೇಳಬೇಕು. ಪೇಸ್ ಪರೀಕ್ಷೆ ಮಾಡಿದ ಅದೇ ಸಂಶೋಧಕರು ಬೆಂಗಳೂರು ಸುತ್ತಲಿನ ಫ್ಯಾಕ್ಟರಿಗಳಲ್ಲಿ ಹಳೆ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದ ಮೇಲೆ ಏನಾಯಿತು ಅಂತ ನೋಡಿದರು. ಎಲ್‌ಇಡಿ ಬಿಸಿ ಕಮ್ಮಿ ಸೂಸುತ್ತದೆ, ಸೆಕೆ ದಿನಗಳಲ್ಲಿ ಬೀಳುತ್ತಿದ್ದ ಕೆಲಸ ಬಹುಪಾಲು ಉಳಿಯಿತು. ಸೆಕೆಯಲ್ಲಿ ಬೆವರುವವರಿಗೆ ಟೀಮ್ ಸ್ಪಿರಿಟ್ ಪಾಠ ಮಾಡೋ ಮೊದಲು ಫ್ಯಾನ್ ತಿರುಗುತ್ತಿದೆಯಾ ನೋಡಿ.

ಈಗ ನಾನು ಇಷ್ಟು ಹೊತ್ತು ತಳ್ಳಿಕೊಂಡು ಬಂದ ವಿಷಯ. ಪೇಸ್ ತರಬೇತಿಯಿಂದ ಕೆಲಸ ಶೇ 13ಕ್ಕೂ ಜಾಸ್ತಿ ಏರಿತಲ್ಲ, ಅದರ ದುಡ್ಡು ಎಲ್ಲಿ ಹೋಯಿತು? ಸಂಬಳ ಏರಿದ್ದು ಶೇ 0.5ರ ಆಸುಪಾಸು. ಕಂಪನಿಗೆ, ಹಾಕಿದ ಖರ್ಚು ಕಳೆದು, ತರಬೇತಿ ಮುಗಿದ ಎಂಟು ತಿಂಗಳಲ್ಲಿ ಶೇ 250ಕ್ಕೂ ಮೀರಿ ಲಾಭ. ಇದನ್ನು ಸಂಶೋಧಕರೇ ಲೆಕ್ಕ ಹಾಕಿ ಬರೆದಿದ್ದಾರೆ, ಯೂನಿಯನ್‌ನವರ ಕರಪತ್ರ ಅಲ್ಲ.

ಇಷ್ಟು ಕಲಿತವರು ಬೇರೆ ಫ್ಯಾಕ್ಟರಿಗೆ ಯಾಕೆ ಹೋಗಲಿಲ್ಲ? ಕೆಲಸ ಬಿಟ್ಟವರ ಪ್ರಮಾಣ ತರಬೇತಿ ಪಡೆದವರಲ್ಲೂ ಪಡೆಯದವರಲ್ಲೂ ಒಂದೇ ಥರ ಇತ್ತು. ಗಾರ್ಮೆಂಟ್ಸ್‌ನಲ್ಲಿ ಸಂಬಳ ಸರ್ಕಾರದ ಕನಿಷ್ಠ ವೇತನದ ಅಕ್ಕಪಕ್ಕವೇ ಸುತ್ತುತ್ತದೆ. ಹೊಸ ಫ್ಯಾಕ್ಟರಿಗೆ ಹೋದರೆ ಮಶೀನ್ ಮುಂದೆ ಕೂರಿಸಿ, ಒಂದು ತುಂಡು ಕೊಟ್ಟು, ಹೊಲಿದು ತೋರಿಸಿ ಅನ್ನುತ್ತಾರೆ. ಕಾಲರ್ ಬರುತ್ತದೆ ಅಂತ ಹತ್ತು ನಿಮಿಷದಲ್ಲಿ ತೋರಿಸಬಹುದು. ಲೈನು ನಿಂತಾಗ ಯಾಕೆ ನಿಂತಿತು ಅಂತ ಪತ್ತೆ ಮಾಡಿ, ಸೂಪರ್‌ವೈಸರ್‌ಗೆ ಹೇಳಿ, ಹೊಸಬಳಿಗೆ ಕೈಹಿಡಿದು ಕಲಿಸುತ್ತೇನೆ ಅನ್ನೋದನ್ನು ಯಾವ ತುಂಡಿನ ಮೇಲೆ ಹೊಲಿದು ತೋರಿಸೋದು? ಹೊರಗಿನವರಿಗೆ ಕಾಣದ ಸ್ಕಿಲ್ ಇದು, ಕಾಣದ್ದಕ್ಕೆ ಹೊರಗೆ ಬೆಲೆ ಇಲ್ಲ, ಹೊರಗೆ ಬೆಲೆ ಇಲ್ಲ ಅಂದ ಮೇಲೆ ಒಳಗಿನವರು ಜಾಸ್ತಿ ಕೊಡುವ ಅಗತ್ಯವೂ ಬೀಳೋದಿಲ್ಲ.

ಈ ಸ್ಕಿಲ್ ನೇರವಾಗಿ ದುಡ್ಡಾಗುವ ಒಂದು ಜಾಗ ಇದೆ. ಸೂಪರ್‌ವೈಸರ್ ಕೆಲಸ. ಅದರ ಕತೆ ಬಾಂಗ್ಲಾದೇಶದಿಂದ ಬಂದಿದೆ. ಅಲ್ಲಿ ಅಧ್ಯಯನ ಮಾಡಿದ ಗಾರ್ಮೆಂಟ್ಸ್‌ಗಳಲ್ಲಿ ಲೈನಿನಲ್ಲಿ ಕೂತವರಲ್ಲಿ ಶೇ 80ರ ಹತ್ತಿರ ಹೆಣ್ಣುಮಕ್ಕಳು, ಸೂಪರ್‌ವೈಸರ್‌ಗಳಲ್ಲಿ ಶೇ 95 ಗಂಡಸರು. ಟೈಲರ್ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಸೂಪರ್‌ವೈಸರ್ ಮಾಡಿ ನೋಡಿದರು. ಮೊದಮೊದಲು ಲೈನಿನವರೇ 'ಇವಳಿಗೇನು ಗೊತ್ತು' ಅನ್ನೋ ಥರ ಅಳೆದರು, ಆ ಲೈನುಗಳ ಕೆಲಸವೂ ಸ್ವಲ್ಪ ಹಿಂದೆ ಬಿದ್ದಂತೆ ಕಂಡಿತು. ಹೇಳಿದ್ದನ್ನು ಕೇಳುವವರೇ ಇಲ್ಲದಿದ್ದರೆ ಯಾರ ಲೈನಾದರೂ ಬೀಳುತ್ತದೆ ಅಲ್ವಾ? ನಾಲ್ಕು ತಿಂಗಳು ಕಳೆಯುವ ಹೊತ್ತಿಗೆ ಅಭಿಪ್ರಾಯವೂ ಕೆಲಸವೂ ಗಂಡು ಸೂಪರ್‌ವೈಸರ್‌ಗಳ ಮಟ್ಟಕ್ಕೆ ಬಂದವು. ಗಂಟೆ ಗಂಟೆಗೂ ಪೀಸ್ ಎಣಿಸಿ ಬೈಯುವ ಪ್ರೊಡಕ್ಷನ್ ಮ್ಯಾನೇಜರ್ ಒಬ್ಬರು ಆ ನಾಲ್ಕು ತಿಂಗಳು ಸುಮ್ನಿರಬಲ್ಲರಾ ಅನ್ನೋದೇ ನನ್ನ ಅನುಮಾನ.